ಆಯ್ಕೆಯಾದ ಮೇಲೆ: ಸತ್ನಾಂ ಸಿಂಗ್ ಜೀವನದಿಂದ ಒಂದು ಪಾಠ

ನಮ್ಮ ಶಾಲೆಯ ಮುರಕಲ್ಲಿನ ಬಯಲಿನಲ್ಲಿ ಇಪ್ಪತ್ತೆರಡು ವರ್ಷ ಸೀಟಿ ಊದಿದವನು ನಾನು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಕ್ರೀಡೆಯ ಕುರಿತು ಬರೆಯಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ಗೆದ್ದ ಕಪ್ಪುಗಳ ಪಟ್ಟಿಗಿಂತ ಒಬ್ಬ ತರುಣ ಆಟಗಾರನ ವೃತ್ತಿಜೀವನವನ್ನು ಪಾಠವಾಗಿ ಮುಂದಿಡುವುದು ಮೇಲೆಂದು ನನಗೆ ತೋರಿತು.

ಸತ್ನಾಂ ಸಿಂಗ್ ಹುಟ್ಟಿದ್ದು 1995ರಲ್ಲಿ, ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಎಂಬ ಹಳ್ಳಿಯಲ್ಲಿ. ತಂದೆ ರೈತರು, ಅಸಾಧಾರಣ ಎತ್ತರದವರು. ಮಗನೂ ಹಾಗೆಯೇ ಬೆಳೆದು ಏಳು ಅಡಿ ಎರಡು ಅಂಗುಲ ಮುಟ್ಟಿದ. ಬಾಲ್ಯದಲ್ಲೇ ಲೂಧಿಯಾನದ ಬಾಸ್ಕೆಟ್‌ಬಾಲ್ ಅಕಾಡೆಮಿ ಸೇರಿದ ಆತ, 2010ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ವಿದ್ಯಾರ್ಥಿವೇತನ ಪಡೆದು ಅಮೆರಿಕದ ಫ್ಲೋರಿಡಾದಲ್ಲಿರುವ ಐಎಂಜಿ ಅಕಾಡೆಮಿಗೆ ಹೋದ. ಬಾಯಲ್ಲಿದ್ದುದು ಪಂಜಾಬಿ, ಇಂಗ್ಲಿಷನ್ನು ಅಲ್ಲಿಯೇ, ಆಟದ ಜೊತೆಜೊತೆಗೆ ಕಲಿಯಬೇಕಾಯಿತು.

2015ರ ಜೂನ್ 25ರಂದು ನ್ಯೂಯಾರ್ಕಿನಲ್ಲಿ ನಡೆದ ಎನ್.ಬಿ.ಎ. ಡ್ರಾಫ್ಟಿನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡವು 52ನೆಯವನಾಗಿ ಆತನ ಹೆಸರನ್ನು ಕೂಗಿತು. ಭಾರತದಲ್ಲಿ ಹುಟ್ಟಿ ಬೆಳೆದವರಲ್ಲಿ ಆ ಗೌರವ ಪಡೆದ ಮೊದಲಿಗ ಆತನೇ. ದೇಶದ ಪತ್ರಿಕೆಗಳು ಸಂಭ್ರಮಿಸಿದವು. ನಮ್ಮ ಸ್ಟಾಫ್ ರೂಮಿನಲ್ಲೂ ಆ ಸುದ್ದಿಯದೇ ಮಾತು.

ಇಲ್ಲಿ ಡ್ರಾಫ್ಟ್ ಎಂದರೇನೆಂಬುದನ್ನು ಸ್ವಲ್ಪ ವಿವರಿಸಬೇಕು. ಲೀಗಿನ 30 ತಂಡಗಳು ಎರಡು ಸುತ್ತುಗಳಲ್ಲಿ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನವರಿಗೆ ನಿಶ್ಚಿತ ಸಂಬಳದ ಒಪ್ಪಂದ ದೊರೆಯುತ್ತದೆ. ಎರಡನೆಯ ಸುತ್ತಿನವರಿಗೆ ಆ ಭರವಸೆಯಿಲ್ಲ. ಅವರೊಡನೆ ಮಾತುಕತೆ ನಡೆಸುವ ಹಕ್ಕು ಮಾತ್ರ ತಂಡಕ್ಕೆ ಸಿಗುತ್ತದೆ. ಸತ್ನಾಂ ಎರಡನೆಯ ಸುತ್ತಿನವನು. ತೆರೆದದ್ದು ಬಾಗಿಲು; ಒಳಗೆ ಆಸನವಿರಲಿಲ್ಲ.

ಮುಂದಿನ ಎರಡು ಋತುಗಳನ್ನು ಆತ ಕೆಳಹಂತದ ಲೀಗಿನ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿ, ಹೆಚ್ಚಾಗಿ ಬೆಂಚಿನ ಮೇಲೆಯೇ ಕಳೆದ. ಎನ್.ಬಿ.ಎ.ಯ ಅಧಿಕೃತ ಪಂದ್ಯವೊಂದರಲ್ಲಿಯೂ ಆಡಲಿಲ್ಲ. ಕಾರಣಗಳು ಸ್ಪಷ್ಟ. ಆ ವರ್ಷಗಳಲ್ಲಿ ಆಟವೇ ಬದಲಾಗುತ್ತಿತ್ತು. ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದವರಿಗಿಂತ, ದೂರದಿಂದ ಮೂರು ಅಂಕದ ಎಸೆತ ಹಾಕಬಲ್ಲ, ಅಂಗಣದುದ್ದಕ್ಕೂ ಓಡಬಲ್ಲ ಆಟಗಾರರಿಗೆ ಬೆಲೆ ಬಂದಿತ್ತು. ಅಮೆರಿಕದ ಹೆಚ್ಚಿನ ಹುಡುಗರು ಕಾಲೇಜು ತಂಡಗಳಲ್ಲಿ ಪಳಗಿ ಬರುತ್ತಾರೆ. ಸತ್ನಾಂಗೆ ಆ ಮೆಟ್ಟಿಲೂ ಇರಲಿಲ್ಲ. ಎತ್ತರವು ಪ್ರಕೃತಿಯ ಕೊಡುಗೆ; ಕಾಲಿನ ಚುರುಕು ವರ್ಷಗಳ ಕಲಿಕೆ.

ಮುಂದೆ ಆತ ಕೆನಡಾದ ಲೀಗಿನಲ್ಲಿ ಆಡಿದ. 2019ರ ನವೆಂಬರಿನಲ್ಲಿ, ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕಾಗಿ ನಮ್ಮ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಶಿಬಿರದ ಕಾಲದಲ್ಲಿ, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಎರಡು ವರ್ಷಗಳ ನಿಷೇಧಕ್ಕೆ ಒಳಗಾದ. 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿ ಸಂಸ್ಥೆಯಾದ ಎ.ಇ.ಡಬ್ಲ್ಯೂ. ಸೇರಿ ಬದುಕಿಗೆ ಬೇರೆ ದಾರಿ ಕಂಡುಕೊಂಡ. ಆಗ ವಯಸ್ಸು ಇಪ್ಪತ್ತೈದು.

ಇದನ್ನು ಸೋಲಿನ ಕಥೆಯೆಂದು ನಾನು ಹೇಳಲಾರೆ. ಆದರೆ ಓದಿದಾಗಲೆಲ್ಲ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಬಹಳ ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಎತ್ತರದ ಹುಡುಗನೊಬ್ಬ ದೂರದೂರಿನ ಕ್ರೀಡಾ ವಸತಿನಿಲಯಕ್ಕೆ ಆಯ್ಕೆಯಾದ. ಪ್ರಾರ್ಥನಾ ಸಭೆಯಲ್ಲಿ ಹಾರ ಹಾಕಿದೆವು, ಬಸ್ಸು ಹತ್ತಿಸಿದೆವು. ಅಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಪಾಠ ಅರ್ಥವಾಗದೆ, ತರಬೇತುದಾರರ ಮಾತು ಹಿಡಿಯಲಾಗದೆ, ಮೂರು ತಿಂಗಳಲ್ಲಿ ಆತ ಹಿಂದಿರುಗಿದ. ಆ ಮೂರು ತಿಂಗಳಲ್ಲಿ ನಾನು ಒಂದು ಕಾರ್ಡನ್ನೂ ಬರೆದಿರಲಿಲ್ಲ. "ಸಾರ್, ಆಟ ಕಷ್ಟ ಆಗ್ಲಿಲ್ಲ, ರಾತ್ರಿ ಕಷ್ಟ ಆಯ್ತು" ಎಂದ. ಅನಂತರ ಚೆಂಡನ್ನು ಮುಟ್ಟಲಿಲ್ಲ.

ಗಡಿನಾಡಿನ ನಮ್ಮ ಮಕ್ಕಳು ಆಟಕ್ಕಾಗಲಿ, ಓದಿಗಾಗಲಿ ಹೊರಟರೆ ಮೊದಲು ದಾಟಬೇಕಾದುದು ಭಾಷೆಯ ಹೊಸಿಲನ್ನು. ಆಯ್ಕೆಯಾದ ದಿನ ಚಪ್ಪಾಳೆ ತಟ್ಟುವುದು ಸುಲಭ. ಆಯ್ಕೆಯಾದ ಮೇಲಿನ ಮೊದಲ ವರ್ಷ ಜೊತೆಗಿರುವುದು, ಸೇವಿಸುವ ಔಷಧಿಯಿಂದ ಹಿಡಿದು ಸಹಿ ಹಾಕುವ ಕಾಗದದವರೆಗೆ ವಿಚಾರಿಸುವುದು ಹಿರಿಯರ ಕೆಲಸ. ಊರೂರುಗಳಲ್ಲಿ ನೆಲೆಸಿರುವ ಹಳೆ ವಿದ್ಯಾರ್ಥಿಗಳೇ, ನಿಮ್ಮ ಊರಿಗೆ ಈ ಶಾಲೆಯ ಮಗುವೊಂದು ಬಂದಿದೆಯೆಂದು ಕೇಳಿದರೆ, ಒಂದು ಭಾನುವಾರ ಮನೆಗೆ ಕರೆದು ಊಟ ಹಾಕಿ, ಕನ್ನಡದಲ್ಲಿ ನಾಲ್ಕು ಮಾತಾಡಿ. ಸುವರ್ಣ ಮಹೋತ್ಸವಕ್ಕೆ ನಾನು ನಿಮ್ಮಲ್ಲಿ ಬೇಡುವ ದೇಣಿಗೆ ಇಷ್ಟೇ.