ಗಜವೋ ಮೀಟರೋ

ಕಮಲಾಪುರದ ನಮ್ಮ ಎರಡು ಎಕರೆ ಕೆಂಪು ಬಾಳೆಗೆ ಕಳೆದ ವರ್ಷ ಕಾಡುಹಂದಿಗಳ ಕಾಟ ವಿಪರೀತವಾಯಿತು. ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕಾದ ಬೆಳೆ ಇದು. ಒಂದೇ ರಾತ್ರಿ ಹಿಂಡು ನುಗ್ಗಿ ಬುಡ ಬಗೆದರೆ ಹಾಕಿದ ದುಡ್ಡೆಲ್ಲ ಮಣ್ಣುಪಾಲು. ಸೋಲಾರ್ ಬೇಲಿ ಹಾಕಿಸೋಣವೆಂದುಕೊಂಡೆ. ತಂತಿ ಎಷ್ಟು ಬೇಕು? ಅಳೆಯಬೇಕಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ 2,200 ರೂಪಾಯಿಗೆ ಲೇಸರ್ ಅಳತೆ ಯಂತ್ರವೊಂದನ್ನು ತಂದೆ. ಮನೆಯ ಗೋಡೆಗೆ ಹಿಡಿದರೆ ಕೆಂಪು ಚುಕ್ಕಿ ಚೆನ್ನಾಗಿ ಕಾಣುತ್ತದೆ. ಹೊಲದ ಬಿಸಿಲಿನಲ್ಲಿ ಚುಕ್ಕಿ ಎಲ್ಲಿ ಬಿತ್ತೆಂದೇ ಗೊತ್ತಾಗದು. ಆಮೇಲೆ ತಿಳಿಯಿತು, ಬಯಲಿಗೆ ಬೇಕಾದದ್ದು ದುರ್ಬೀನಿನಂತೆ ಕಣ್ಣಿಗಿಟ್ಟು ನೋಡುವ ರೇಂಜ್‌ಫೈಂಡರ್ ಎಂದು. ಬೆಳಕು ಹೋಗಿ ತಿರುಗಿ ಬರುವ ಹೊತ್ತಿನಿಂದ ಅದು ದೂರ ಲೆಕ್ಕ ಹಾಕುತ್ತದೆ. 150 ಮೀಟರ್ ಆಚೆಯ ಮರ ಮುಟ್ಟಿ ಬರಲು ಬೆಳಕಿಗೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಸಾಕು.

ಹೊರದೇಶಗಳಲ್ಲಿ ಇದನ್ನು ಗಾಲ್ಫ್ ಆಡುವವರು, ಬಿಲ್ಲುಬಾಣದ ಬೇಟೆಗಾರರು ಕೊಳ್ಳುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೋಜಿನ ಬೇಟೆಗೆ ಅವಕಾಶವಿಲ್ಲ. ಮರದ ಮೇಲಿಂದ ಕೆಳಕ್ಕೆ ಬಾಣ ಬಿಡುವವನಿಗೆ ಇಳಿಜಾರಿನ ಅಳತೆ ಸಾಲದು, ನೆಲಮಟ್ಟದ ದೂರ ಬೇಕು. ಅದಕ್ಕಾಗಿ ಕೋನದ ಲೆಕ್ಕ ಕಟ್ಟುವ ಯಂತ್ರಗಳಿವೆ, ಬೆಲೆಯೂ ಏರುತ್ತದೆ. ನನ್ನ ತಂತಿ ಹೋಗುವುದು ಇಳಿಜಾರಿನ ಗುಂಟವೇ. ಆ ಸೌಲಭ್ಯಕ್ಕೆ ನಾನೇಕೆ ಹಣ ಕೊಡಲಿ? 900 ಮೀಟರ್ ದೂರ ತೋರುವ ಯಂತ್ರವೂ ನನಗೆ ಬೇಡವಾಗಿತ್ತು, ನಮ್ಮ ಉದ್ದನೆಯ ಬದುವೇ 120 ಮೀಟರ್. ಆದರೆ ಡಬ್ಬಿಯ ಮೇಲೆ ಬರೆದ ದೂರ ಫಳಫಳ ಹೊಳೆಯುವ ಗುರಿಗೆ ಮಾತ್ರ. ಕಪ್ಪು ಬೊಡ್ಡೆಗೆ ಅಷ್ಟು ಸಿಗದು. ಹಾಗಾಗಿ ಬೇಕಾದ್ದಕ್ಕಿಂತ ಮೂರು ಪಟ್ಟು ಸಾಮರ್ಥ್ಯದ್ದನ್ನು ಆರಿಸಿದೆ. 6,000 ರೂಪಾಯಿ. ವರ್ಷಕ್ಕೆ ನಾಲ್ಕು ದಿನದ ಕೆಲಸಕ್ಕೆ ಒಬ್ಬನೇ ಯಾಕೆ ಹೊರಬೇಕೆಂದು ಮೂರು ಮನೆಯವರು ತಲಾ 2,000 ಹಾಕಿದೆವು.

ಅಣ್ಣನ ಮಗ ಬದುವಿನ ಮೂಲೆಯಲ್ಲಿ ಬಿಳಿ ಗೊಬ್ಬರದ ಚೀಲ ಎತ್ತಿ ಹಿಡಿದ, ನಾನು ಒತ್ತಿದೆ. ಸುತ್ತಳತೆ 410 ಬಂತು. ಐದು ಸಾಲಿಗೆ 2,050 ಮೀಟರ್ ತಂತಿ ತರಿಸಿದೆ. ಬೇಲಿ ಮುಗಿದರೂ ಒಂದು ಸುರುಳಿ ಉಳಿಯಿತು. ಹುಡುಗ ಯಂತ್ರ ಇಸಿದುಕೊಂಡು ನೋಡಿದ.

“ಕಾಕಾ, ಇದು ಮೀಟರ್ ಅಲ್ರಿ, ಗಜ ಅದ. ಮೂಲ್ಯಾಗ ವಾಯ್ ಅಂತ ಬರಲತ್ತದ ನೋಡ್ರಿ.”

410 ಗಜವೆಂದರೆ 375 ಮೀಟರ್. ಐದು ಸಾಲಿಗೆ 175 ಮೀಟರ್ ತಂತಿ ಹೆಚ್ಚಾಗಿತ್ತು. ಕತ್ತರಿಸಿದ ಸುರುಳಿಯನ್ನು ಅಂಗಡಿಯವರು ಮರಳಿ ತೆಗೆದುಕೊಳ್ಳಲಿಲ್ಲ. ಪಕ್ಕದ ಹೊಲದವರಿಗೆ ಅರ್ಧ ಬೆಲೆಗೆ ಕೊಟ್ಟೆ.

ಇನ್ನೊಂದು ಮಾತು: ಈ ಯಂತ್ರ ಒಂದು ಮೀಟರ್ ಆಚೀಚೆ ತೋರಿಸಬಹುದು. ಬೇಲಿಗೆ ಅದು ನಡೆಯುತ್ತದೆ, ಹದ್ದುಬಸ್ತಿಗೆ ನಡೆಯದು. ಅಲ್ಲಿ ಸರ್ಕಾರಿ ಭೂಮಾಪಕರ ಅಳತೆಯೇ ಬೇಕು.

ಯಂತ್ರ ಈಗ ಪಾಲುದಾರ ಬೀಗರ ಮನೆಯಲ್ಲಿದೆ. ಕೊಡುವ ಮೊದಲು ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ, ‘ಮೊದಲು ಮೀಟರಿಗೆ ಹಾಕ್ರಿ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ.