ಬಯೋಡೇಟಾದಲ್ಲಿ ರ‍್ಯಾಂಕ್ ಒಂದೇ ಸಾಲದು

ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಶಾರ್ಟ್ ಸರ್ವಿಸ್ ಮುಗಿಸಿ, ಐಸಿಯು ಅನುಭವ ಹೊತ್ತು ಊರಿಗೆ ಬರುತ್ತಿರುವವರಿಗೆ ಒಂದು ಮಾತು. ನೀವು ಎಡವುವುದು ಬಯೋಡೇಟಾದಲ್ಲೇ. ‘ಕ್ಯಾಪ್ಟನ್, ಕಮಾಂಡ್ ಆಸ್ಪತ್ರೆ’ ಎಂದು ಬರೆದು ಸುಮ್ಮನಾಗುತ್ತೀರಿ. ಖಾಸಗಿ ಆಸ್ಪತ್ರೆಯ ಎಚ್‌ಆರ್‌ನವರಿಗೆ ಹೆಗಲ ಮೇಲಿನ ನಕ್ಷತ್ರ ಓದಲು ಬರುವುದಿಲ್ಲ! ಎಷ್ಟು ಹಾಸಿಗೆಯ ಐಸಿಯು, ಪಾಳಿಗೆ ವೆಂಟಿಲೇಟರ್ ಮೇಲಿನ ಎಷ್ಟು ರೋಗಿಗಳು, ಡಯಾಲಿಸಿಸ್ ನೋಡಿಕೊಂಡಿದ್ದೀರಾ, ಗಾಯಾಳುಗಳನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಿದ್ದೀರಾ, ಎಷ್ಟು ಜನರ ಡ್ಯೂಟಿ ಹಂಚುತ್ತಿದ್ದಿರಿ ಎಂಬುದನ್ನೆಲ್ಲ ಬಿಡಿಸಿ ಬರೆಯಿರಿ. ರೋಗಿಗಳ ಹೆಸರು, ಯೂನಿಟ್ಟಿನ ನೆಲೆ ಮಾತ್ರ ಬೇಡ.

ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯೇ? ಬೇರೆ ರಾಜ್ಯದ್ದಾದರೆ, ಕರ್ನಾಟಕದಲ್ಲಿ ನೋಂದಾಯಿಸಲು ಬೇಕಾದ ಕಾಗದಪತ್ರಕ್ಕೆ ಬಿಡುಗಡೆಗೆ ಮೊದಲೇ ಓಡಾಡಿ. ಶಾರ್ಟ್ ಸರ್ವಿಸ್‌ಗೆ ಪಿಂಚಣಿಯಿಲ್ಲ, ನಿಜ. ಹಾಗೆಂದು ಗಾಬರಿಬಿದ್ದು ಸಿಕ್ಕ ಮೊದಲ ಕೆಲಸಕ್ಕೆ ಸಹಿ ಹಾಕಬೇಡಿ. ಬಾಂಡ್ ಇದೆಯೇ, ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುತ್ತಾರೆಯೇ ಎಂದು ಬಾಯಿಬಿಟ್ಟು ಕೇಳಿ.

ಇನ್ನು ದುಡ್ಡಿನ ಮಾತು. ಸೇನಾ ಆಸ್ಪತ್ರೆಯಲ್ಲಿ ಯೋಧನ ಹೆಂಡತಿ ಬಿಲ್ ಎಷ್ಟಾಯಿತು ಎಂದು ಕೇಳುವ ಪ್ರಮೇಯವಿರಲಿಲ್ಲ. ಇಲ್ಲಿ ಐಸಿಯು ಬಾಗಿಲಲ್ಲಿ ನಿಂತ ಮಗ ಮೊದಲು ಅದನ್ನೇ ಕೇಳಿಯಾನು. ಸಿಡುಕಬೇಡಿ, ಆದೇಶದ ದನಿಯೂ ಬೇಡ. ಸೇರಿದ ಹೊಸತರಲ್ಲೇ ಬಿಲ್ಲಿಂಗ್‌ನವರ, ವಿಮೆಯವರ ಪಕ್ಕ ಸ್ವಲ್ಪ ಹೊತ್ತು ಕೂತು ಆ ಲೆಕ್ಕ ತಿಳಿದುಕೊಳ್ಳಿ.