ಸಿದ್ದಿ ಜನಾಂಗವೂ ಪ್ರಾತಿನಿಧ್ಯವೂ

ಪ್ರಜಾಪ್ರಭುತ್ವವೆಂದರೆ ಬಹುಮತದ ಆಳ್ವಿಕೆಯೆಂದು ರಾಜ್ಯಶಾಸ್ತ್ರದ ಮೊದಲ ಪಾಠದಲ್ಲಿಯೇ ಓದುತ್ತೇವೆ. ಹಾಗಾದರೆ ಯಾವ ಕ್ಷೇತ್ರದಲ್ಲಿಯೂ ಬಹುಮತವಾಗಲಾರದಷ್ಟು ಚಿಕ್ಕ ಜನಾಂಗದ ಗತಿಯೇನು? ನಮ್ಮ ರಾಜ್ಯದ ಉತ್ತರದ ಕಾಡಿನಿಂದ ಒಂದು ಉದಾಹರಣೆಯನ್ನು ತೆಗೆದುಕೊಂಡು ಇದನ್ನು ವಿಚಾರಮಾಡುವುದು ನನ್ನ ಉದ್ದೇಶ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಾಡುಗಳಲ್ಲಿ ಸಿದ್ದಿಗಳು ವಾಸಿಸುತ್ತಾರೆ. ಅವರ ಪೂರ್ವಿಕರು ಆಫ್ರಿಕದವರು. ಹಲವರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರನ್ನಾಗಿ ಗೋವೆಗೆ ತರಲಾಯಿತು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿಯೂ, ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರಲ್ಲಿಯೂ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು.

ಆದರೆ ಪಟ್ಟಿಗೆ ಸೇರುವುದು ಬೇರೆ, ಶಾಸನಸಭೆ ಸೇರುವುದು ಬೇರೆ. ವಿಧಾನಸಭೆಯ 224 ಸ್ಥಾನಗಳಲ್ಲಿ 15 ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿದ್ದರೂ, ಉತ್ತರ ಕನ್ನಡದ ಆರು ಕ್ಷೇತ್ರಗಳಲ್ಲಿ ಒಂದೂ ಅವುಗಳಲ್ಲಿ ಸೇರಿಲ್ಲ. ಸಂವಿಧಾನದ ಐದನೆಯ ಅನುಸೂಚಿಗೆ ಒಳಪಟ್ಟ ಪ್ರದೇಶವೂ ಕರ್ನಾಟಕದಲ್ಲಿಲ್ಲ. ಉಳಿದದ್ದು 171ನೆಯ ವಿಧಿಯ ಬಾಗಿಲು. ಅದರಂತೆ 75 ಸದಸ್ಯರ ವಿಧಾನ ಪರಿಷತ್ತಿಗೆ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. 2020ರ ಜುಲೈ ತಿಂಗಳಲ್ಲಿ ಹಾಗೆ ನಾಮಕರಣಗೊಂಡವರಲ್ಲಿ ಯಲ್ಲಾಪುರ ತಾಲ್ಲೂಕಿನ ಹಿತ್ಲಳ್ಳಿಯ ಶ್ರೀ ಶಾಂತಾರಾಮ ಸಿದ್ದಿಯವರೊಬ್ಬರು. ವನವಾಸಿ ಕಲ್ಯಾಣ ಆಶ್ರಮದಲ್ಲಿ ಬಹುಕಾಲ ದುಡಿದ ಅವರು ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ.

ಅಂಥ ಪ್ರತಿನಿಧಿಯ ಮುಂದಿರುವ ಕೆಲಸಗಳಲ್ಲಿ ಯಾವುದು ಮೊದಲು? ನನ್ನ ಮಟ್ಟಿಗೆ, ಭೂಮಿಯೇ ಮೊದಲು. ನಮ್ಮ ತುರುವೇಕೆರೆ, ತಿಪಟೂರುಗಳ ರೈತನ ತೋಟ ಎಷ್ಟೇ ಚಿಕ್ಕದಾಗಲಿ, ಪಹಣಿಯಲ್ಲಿ ಹೆಸರಿದ್ದರೆ ಸಹಕಾರ ಸಂಘದ ಸಾಲವೂ ಬೆಂಬಲ ಬೆಲೆಗೆ ಕೊಬ್ಬರಿ ಮಾರುವ ಅವಕಾಶವೂ ಅವನಿಗುಂಟು. ಕಾಡಿನಲ್ಲಿ ತಲೆಮಾರುಗಳಿಂದ ಉತ್ತವನಿಗೆ ಆ ಕಾಗದವೇ ಇಲ್ಲದಿದ್ದರೆ ಅವನು ತನ್ನ ಹೊಲದಲ್ಲಿಯೇ ಅತಿಕ್ರಮಣಕಾರ. 2006ರ ಅರಣ್ಯ ಹಕ್ಕು ಕಾಯಿದೆಯು, 2005ರ ಡಿಸೆಂಬರ್ 13ಕ್ಕೆ ಮೊದಲೇ ಸಾಗುವಳಿಯಲ್ಲಿದ್ದ ಭೂಮಿಗೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕು ನೀಡುತ್ತದೆ. ಪರಿಶಿಷ್ಟ ಪಂಗಡದವರಲ್ಲದವರು ಮಾತ್ರ ಮೂರು ತಲೆಮಾರಿನ, ಅಂದರೆ 75 ವರ್ಷಗಳ, ವಾಸವನ್ನೂ ರುಜುವಾತುಪಡಿಸಬೇಕು. ಪಟ್ಟಿಗೆ ಸೇರಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಎರಡನೆಯದು ಕಾಡಿನ ಕಿರು ಉತ್ಪನ್ನಗಳು. ಅವುಗಳ ಒಡೆತನವನ್ನೂ ಅದೇ ಕಾಯಿದೆ ಕೊಟ್ಟಿದೆ. ಆದರೆ ಮಾರುಕಟ್ಟೆಯಿಲ್ಲದ ಒಡೆತನದಿಂದ ಹೊಟ್ಟೆ ತುಂಬದು. ತಿಪಟೂರಿನ ಹರಾಜುಕಟ್ಟೆ ನಮಗೆ ಏನೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮೂರನೆಯದು ದಾರಿ ಮತ್ತು ಶಾಲೆ. ಇವೆರಡನ್ನೂ ನಾನು ಒಂದೇ ಎಂದು ಎಣಿಸುತ್ತೇನೆ. ಮಳೆಗಾಲದಲ್ಲಿ ಹಳ್ಳ ದಾಟಲಾಗದ ಮಗುವಿಗೆ ಆಚೆ ದಡದ ಶಾಲೆ ಇದ್ದೂ ಇಲ್ಲದಂತೆ.

ಇಷ್ಟನ್ನು ಒಬ್ಬ ಸದಸ್ಯನು ಸಾಧಿಸಬಲ್ಲನೇ? ಪರಿಷತ್ತಿನ ಬಲ ಮಿತವಾದುದು; ಹಣಕಾಸಿನ ಮಸೂದೆಯನ್ನು ಅದು 14 ದಿನಗಳಿಗಿಂತ ಹೆಚ್ಚು ತಡೆಯಲಾರದು. ಪ್ರಶ್ನೆ ಕೇಳಬಹುದು, ಮಂತ್ರಿಗಳಿಂದ ಉತ್ತರ ಪಡೆಯಬಹುದು. ಇದು ಸಣ್ಣ ಕೆಲಸವಲ್ಲ. ಆದರೆ ನಾಮಕರಣವು ಆರು ವರ್ಷಗಳ ಅನುಗ್ರಹವೇ ಹೊರತು ಹಕ್ಕಲ್ಲ. ಕೊಟ್ಟವರು ಮುಂದಿನ ಬಾರಿ ಕೊಡದಿರಬಹುದು. ಲೆಕ್ಕ ಕೇಳುವ ಮತದಾರನೂ ಅಲ್ಲಿಲ್ಲ.

ಆದುದರಿಂದ ಸಿದ್ದಿಗಳ ಪ್ರಾತಿನಿಧ್ಯದ ಬುಡ ಗ್ರಾಮ ಪಂಚಾಯಿತಿಯಲ್ಲಿ, ಗ್ರಾಮಸಭೆಯು ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ ಇದೆಯೆಂದು ನನಗೆ ತೋರುತ್ತದೆ. ಭೂಮಿಯ ಅರ್ಜಿಯನ್ನು ಮೊದಲು ಪರಿಶೀಲಿಸುವುದು ಅಲ್ಲಿಯೇ. ಬುಡ ಬಲವಾಗಿದ್ದರೆ ಸುಳಿ ಮೇಲೇರುವುದೆಂಬುದು ತೆಂಗಿನ ನಾಡಿನ ನಮಗೆ ಹೊಸ ಮಾತಲ್ಲ. ಸಹಪಾಠಿಗಳು ಈ ಪ್ರಶ್ನೆಯನ್ನು ದೂರದ ಯಲ್ಲಾಪುರದ್ದೆಂದು ಬದಿಗಿಡದೆ, ನಮ್ಮ ಚಿಕ್ಕನಾಯಕನಹಳ್ಳಿ ಕಡೆಯ ಗೊಲ್ಲರಹಟ್ಟಿಗಳನ್ನು ಕುರಿತೂ ಕೇಳಿಕೊಳ್ಳಬೇಕೆಂದು ಕೋರುತ್ತೇನೆ.